ಒಂದೇ ಬೈಠಕ್ಕಿನ ಒಂದು ವಾರ: ದಾಖಲಿಸಿ ನೋಡುವ ಧಾರಾವಾಹಿ ಮತ್ತು ಗಡಿನಾಡಿನ ಕನ್ನಡ

ಕನ್ನಡ ಕಿರುತೆರೆಯ ದೈನಂದಿನ ಧಾರಾವಾಹಿಗಳ ಮೇಲೆ ವಿಮರ್ಶೆ ಹೊರಿಸುತ್ತ ಬಂದಿರುವ ಆಪಾದನೆಗಳು ಹೆಚ್ಚುಕಡಿಮೆ ಒಂದೇ ತೆರನಾದವು. ಕಥೆ ಮುಂದೆ ಸಾಗುವುದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಒಂದು ಮಾತು ಹೊರಬಿದ್ದರೆ ಕೋಣೆಯಲ್ಲಿರುವ ಹತ್ತು ಮುಖಗಳನ್ನೂ ಒಂದೊಂದಾಗಿ ತೋರಿಸುತ್ತಾರೆ. ಈ ಆಪಾದನೆಗಳಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಇವು ಯಾವ ಬಗೆಯ ನೋಟದಿಂದ ಹುಟ್ಟುತ್ತವೆ ಎಂಬುದನ್ನು ಕೇಳಿಕೊಳ್ಳಬೇಕಾಗಿದೆ. ವಾರದ ಸಂಚಿಕೆಗಳನ್ನು ಸೆಟ್‌ಟಾಪ್ ಬಾಕ್ಸಿನಲ್ಲಿ ದಾಖಲಿಸಿಟ್ಟು, ಅಥವಾ ಮೊಬೈಲಿನ ಆ್ಯಪ್‌ನಲ್ಲಿ ತೆರೆದು, ಭಾನುವಾರ ಒಂದೇ ಬೈಠಕ್ಕಿನಲ್ಲಿ ನೋಡಿ ಮುಗಿಸುವವರಿಗೆ ಈ ದೋಷಗಳು ಎದ್ದು ಕಾಣುತ್ತವೆ. ದಿನಕ್ಕೊಂದರಂತೆ ನೋಡುವವರಿಗೆ ಅವೇ ಅನುಕೂಲಗಳಾಗಿರಬಹುದು. ಎರಡು ನೋಟಗಳ ಈ ಅಂತರವು ಗಡಿನಾಡಿನ ಕನ್ನಡ ಮನೆಗಳಲ್ಲಿ ಅಭಿರುಚಿಯ ಪ್ರಶ್ನೆಯಾಗಿಯಷ್ಟೇ ಉಳಿಯದೆ, ಭಾಷೆಯ ಪ್ರಶ್ನೆಯೂ ಆಗುತ್ತದೆ.

‘ಧಾರಾವಾಹಿ’ ಎಂಬ ಪದ ಕಿರುತೆರೆಗೆ ಬಂದದ್ದು ವಾರಪತ್ರಿಕೆಗಳಿಂದ. ಪತ್ರಿಕೆಯಲ್ಲಿ ಬರುತ್ತಿದ್ದ ಕಾದಂಬರಿಯ ಪುಟಗಳನ್ನು ವಾರವಾರವೂ ಕತ್ತರಿಸಿಟ್ಟು, ಕೊನೆಗೆ ಬೈಂಡ್ ಮಾಡಿಸಿಕೊಳ್ಳುತ್ತಿದ್ದ ಓದುಗರು ಕನ್ನಡದಲ್ಲಿ ಬಹಳ ಮಂದಿ ಇದ್ದರು. ದಾಖಲಿಸಿಡುವ ಹವ್ಯಾಸದ ಪೂರ್ವರೂಪ ಅದು. ಆದರೆ ಹಾಗೆ ಬೈಂಡ್ ಮಾಡಿಸಿಟ್ಟವರು ಮೊದಲು ವಾರವಾರವೂ ಕಾದು ಓದಿದವರೇ. ಸಂಪುಟ ಎರಡನೆಯ ಓದಿಗಾಗಿ ಇತ್ತು. ಜರ್ಮನ್ ವಿಮರ್ಶಕ ವೋಲ್ಫ್‌ಗಾಂಗ್ ಇಸರ್ ಹತ್ತೊಂಬತ್ತನೆಯ ಶತಮಾನದ ಓದುಗರ ಬಗ್ಗೆ ಹೇಳಿದ ಮಾತು ಇಲ್ಲಿ ಪ್ರಸ್ತುತ. ಕಂತುಗಳಲ್ಲಿ ಓದಿದ ಕಾದಂಬರಿಯೇ ಪುಸ್ತಕವಾಗಿ ಬಂದಾಗ, ಕಂತಿನ ಓದೇ ಹೆಚ್ಚು ಸೊಗಸಾಗಿತ್ತೆಂದು ಅನೇಕ ಓದುಗರಿಗೆ ಅನಿಸುತ್ತಿತ್ತು. ಕಾರಣ, ಕಂತು ಮುಗಿದಲ್ಲಿ ಉಂಟಾಗುವ ತೆರವನ್ನು ಓದುಗನ ಊಹೆ ತುಂಬುತ್ತದೆ. ಕಥೆಯ ಒಂದು ಪಾಲನ್ನು ಲೇಖಕ ಬರೆದರೆ ಇನ್ನೊಂದು ಪಾಲನ್ನು ಕಾಯುವಿಕೆ ಬರೆಯುತ್ತದೆ.

ದಾಖಲಿಸಿ ನೋಡುವಾಗ ಇಲ್ಲವಾಗುವುದು ಈ ಎರಡನೆಯ ಪಾಲು. ಸಂಚಿಕೆಯ ಕೊನೆಯ ಚೌಕಟ್ಟು ನಿಶ್ಚಲವಾಗುತ್ತದೆ. ಬಾಗಿಲಲ್ಲಿ ನಿಂತವರು ಯಾರೆಂದು ತಿಳಿಯುವುದಿಲ್ಲ. ಪ್ರತಿದಿನದ ವೀಕ್ಷಕರಿಗೆ ಇದು ಮರುದಿನದ ಮಾತುಕತೆಗೆ ಸಿಕ್ಕ ಬಂಡವಾಳ. ನಲ್ಲಿಯ ಬಳಿಯಲ್ಲೋ ಬಸ್ಸಿನಲ್ಲೋ ಅದರ ಬಗ್ಗೆ ತರ್ಕ ನಡೆಯುತ್ತದೆ. ಭಾನುವಾರದ ವೀಕ್ಷಕರಿಗೆ ಅದು ರಿಮೋಟಿನ ಒಂದು ಗುಂಡಿ ಒತ್ತುವಷ್ಟು ಹೊತ್ತಿನ ಅಡಚಣೆ. ಮುಂದಿನ ಸಂಚಿಕೆಯ ಆರಂಭದಲ್ಲಿ ಅದೇ ಬಾಗಿಲು, ಅದೇ ಮುಖಗಳು ಮರಳಿ ಬಂದಾಗ ಅವರು ಸಹಜವಾಗಿಯೇ ಬೇಸರಗೊಳ್ಳುತ್ತಾರೆ.

ಪುನರುಕ್ತಿಗೆ ಇನ್ನೊಂದು ಕಾರಣವೂ ಉಂಟು. 1982ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ತಾನ್ಯಾ ಮೊಡ್ಲೆಸ್ಕಿ ಅಮೆರಿಕದ ಹಗಲಿನ ಧಾರಾವಾಹಿಗಳ ಲಯವನ್ನು ಮನೆಗೆಲಸದ ಲಯದೊಂದಿಗೆ ಇಟ್ಟು ನೋಡಿದರು. ನಡುನಡುವೆ ಎದ್ದುಹೋಗಬೇಕಾದ, ಗಮನ ಹಲವೆಡೆ ಹಂಚಿಹೋದ ವೀಕ್ಷಕಿಗೆ ಹೊಂದುವಂತೆ ಆ ರೂಪ ಬೆಳೆದಿದೆ ಎಂಬುದು ಅವರ ವಾದ. ಅದೇ ವರ್ಷದ ತಮ್ಮ ಪುಸ್ತಕದಲ್ಲಿ ಜಾನ್ ಎಲ್ಲಿಸ್, ಸಿನಿಮಾ ದಿಟ್ಟಿಸುವ ನೋಟವನ್ನು ಬೇಡಿದರೆ ಟೆಲಿವಿಷನ್ ಕಣ್ಣಾಡಿಸುವ ನೋಟಕ್ಕೆ ತಕ್ಕಂತೆ ರೂಪುಗೊಂಡಿದೆ ಎಂದರು. ಕನ್ನಡದ ಸಂಜೆಯ ಧಾರಾವಾಹಿಗೂ ಇದು ಒಪ್ಪುತ್ತದೆ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಸಂಭಾಷಣೆ ಅಡುಗೆಮನೆಗೂ ಕೇಳಬೇಕು. ಒಗ್ಗರಣೆಯ ಸದ್ದಿನಲ್ಲಿ ತಪ್ಪಿಹೋದ ಮಾತು ಇನ್ನೊಮ್ಮೆ ಬರಬೇಕು. ಹತ್ತು ಮುಖಗಳ ಪ್ರತಿಕ್ರಿಯೆಗೆ ಹಿಡಿಯುವ ಹೊತ್ತಿನಲ್ಲಿ ಕೈ ಒರೆಸಿಕೊಂಡು ಬಂದವರು ವಿಷಯವನ್ನು ಹಿಡಿದುಕೊಳ್ಳಬಲ್ಲರು. ಎಂದರೆ ಧಾರಾವಾಹಿಯ ಪಠ್ಯ ಕೇಳುವುದಕ್ಕಾಗಿ ಕಟ್ಟಿದ ಪಠ್ಯವೂ ಹೌದು. ಇದನ್ನು ಮರೆತ ವಿಮರ್ಶೆ ಪುರಾಣ ಪ್ರವಚನವನ್ನು ಅಚ್ಚಿನಲ್ಲಿ ಓದಿ ಪುನರುಕ್ತಿಯೆಂದು ದೂರಿದಂತಾಗುತ್ತದೆ.

ಹಾಗೆಂದು ಎಲ್ಲ ಧಾರಾವಾಹಿಗಳೂ ಒಟ್ಟಿಗೆ ನೋಡಿದಾಗ ಸೋಲುತ್ತವೆ ಎನ್ನಲಾಗದು. ಟಿ.ಎನ್. ಸೀತಾರಾಂ ಅವರ ‘ಮುಕ್ತ’ದಂತಹ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳು ಸಂಚಿಕೆಯಿಂದ ಸಂಚಿಕೆಗೆ ಬೆಳೆಯುತ್ತವೆ. ಅವರೇ ವಕೀಲ ಸಿ.ಎಸ್.ಪಿ.ಯಾಗಿ ನಡೆಸುವ ಪಾಟೀಸವಾಲಿನಲ್ಲಿ ಕುತೂಹಲವನ್ನು ಹೊತ್ತಿರುವುದು ವಾದದ ಹೆಣಿಗೆ. ಅಂತಹ ವಾದವನ್ನು ಬಿಡದೆ ಕೇಳಿದಾಗ ಅದರ ತರ್ಕ ಇನ್ನಷ್ಟು ಸ್ಪಷ್ಟವಾಗುತ್ತದೆ. ಕುಟುಂಬದೊಳಗಿನ ಸಂಚಿನ ಕಥೆಗೆ ಈ ಲಾಭವಿಲ್ಲ. ಸಂಚು ಬಯಲಾಗುವುದನ್ನು ಮುಂದೂಡುವುದೇ ಅದರ ಜೀವಾಳ, ಮುಂದೂಡಿಕೆಗೆ ದಿನಗಳು ಬೇಕು. ದಾಖಲಿತ ವಾರ ಹೀಗೆ ವಿಮರ್ಶಕನಿಗೆ ಒಂದು ಒರೆಗಲ್ಲೂ ಆಗಬಲ್ಲುದು: ಕಾಯುವಿಕೆಯನ್ನು ಕಳೆದ ಮೇಲೂ ಉಳಿಯುವುದೆಷ್ಟು ಎಂಬುದನ್ನು ಅದು ತೋರಿಸುತ್ತದೆ. ಆದರೆ ಆ ಒರೆಗಲ್ಲು ಧಾರಾವಾಹಿಯ ಒಂದು ಗುಣವನ್ನು ಮಾತ್ರ ಅಳೆಯುತ್ತದೆ.

ವಾಹಿನಿಗಳೂ ಈ ಬಗೆಯ ಬಿಡಿ ನೋಟವನ್ನು ಸುಮ್ಮನೆ ಒಪ್ಪಿಕೊಂಡಿಲ್ಲ. ಎರಡು ಧಾರಾವಾಹಿಗಳ ಕುಟುಂಬಗಳನ್ನು ಒಂದೆಡೆ ಸೇರಿಸುವ ‘ಮಹಾಸಂಗಮ’ದಲ್ಲಿ, ಒಂದನ್ನಷ್ಟೇ ದಾಖಲಿಸಿ ನೋಡುವವರ ಮುಂದೆ ಅಪರಿಚಿತರ ದಂಡೇ ಬಂದು ನಿಲ್ಲುತ್ತದೆ. ರೇಮಂಡ್ ವಿಲಿಯಮ್ಸ್ 1974ರಲ್ಲಿ ಟೆಲಿವಿಷನ್ನಿನ ಮುಖ್ಯ ಲಕ್ಷಣವೆಂದು ಗುರುತಿಸಿದ ‘ಹರಿವು’, ಎಂದರೆ ಬಿಡಿ ಕಾರ್ಯಕ್ರಮಗಳನ್ನು ಒಂದು ಸಂಜೆಯ ಒಟ್ಟು ಅನುಭವವಾಗಿ ಹೆಣೆಯುವ ಕ್ರಮ, ತನ್ನನ್ನು ಕಾಪಾಡಿಕೊಳ್ಳುವ ಪರಿ ಇದು.

ದಾಖಲಿತ ವಾರದಲ್ಲಿ ಎರಡು ಸಂಗತಿಗಳು ಕಳೆಯುತ್ತವೆ: ಸಂಚಿಕೆಗಳ ನಡುವಣ ಅಂತರ ಮತ್ತು ಎಲ್ಲರೂ ಒಂದೇ ಹೊತ್ತಿಗೆ ನೋಡುವ ಏಕಕಾಲಿಕತೆ. ಇವು ಬೇರೆಬೇರೆ ಎಂಬುದಕ್ಕೆ ದೂರದರ್ಶನದ ‘ರಾಮಾಯಣ’ ಸಾಕ್ಷಿ. 1987–88ರಲ್ಲಿ ಭಾನುವಾರಕ್ಕೊಂದರಂತೆ ಬಂದ ಸಂಚಿಕೆಗಳು 2020ರ ಲಾಕ್‌ಡೌನಿನಲ್ಲಿ, ಮಾರ್ಚ್ 28ರಿಂದ, ಬೆಳಿಗ್ಗೆ ಮತ್ತು ರಾತ್ರಿ ಮರುಪ್ರಸಾರವಾದವು. ವಾರದ ಅಂತರ ಹನ್ನೆರಡು ಗಂಟೆಗೆ ಇಳಿದರೂ ಮನೆಮಂದಿ ಒಟ್ಟಿಗೆ ಕುಳಿತು ನೋಡಿದರು. ಅಂತರ ಕುಗ್ಗಿತ್ತು, ಏಕಕಾಲಿಕತೆ ಉಳಿದಿತ್ತು. ಕಾಸರಗೋಡಿನವರಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಕಾಲಮಿತಿ ಯಕ್ಷಗಾನ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಆಟ ಕೆಲವೇ ಗಂಟೆಗಳಿಗೆ ಮೊಟಕಾದಾಗ ಅರ್ಥಗಾರಿಕೆಯ ವಿಸ್ತಾರ ತಗ್ಗಿತೆಂಬ ಕೊರಗು ಇದೆ. ಆದರೂ ಅಲ್ಲಿ ಸಭೆಯೊಂದು ಇದೆ. ದಾಖಲಿತ ವಾರಕ್ಕೆ ಸಭೆಯಿಲ್ಲ.

ಗಡಿನಾಡಿನ ಕನ್ನಡಕ್ಕೆ ಈ ಸಭೆ ಅಲಂಕಾರದ ಸಂಗತಿಯಲ್ಲ. ಕಾಸರಗೋಡಿನ ಮಗುವಿಗೆ ಪೇಟೆಯ ಭಾಷೆ ಮಲಯಾಳ, ಹೊಸೂರಿನ ಮಗುವಿಗೆ ತಮಿಳು, ಜತ್ತಿನ ಮಗುವಿಗೆ ಮರಾಠಿ. ಶಾಲೆಯ ಭಾಷೆ ಬಹಳಷ್ಟು ಸಲ ಅದೇ ಅಥವಾ ಇಂಗ್ಲಿಷ್. ಅಂತಹ ಮನೆಯಲ್ಲಿ ಸಂಜೆಯ ಧಾರಾವಾಹಿ ಯಾರೂ ಪಾಠವೆಂದು ಕರೆಯದ ಪಾಠ. ಮಗು ಹೋಂವರ್ಕ್ ಬರೆಯುತ್ತ ಕಿವಿಗೊಡುತ್ತದೆ. ಅಜ್ಜಿ ನಡುವೆ ಟೀಕೆ ಮಾಡುತ್ತಾಳೆ. ಆ ಕನ್ನಡ ಬಹುಪಾಲು ಬೆಂಗಳೂರು–ಮೈಸೂರು ಕಡೆಯದು. ಜತ್ತ, ಅಕ್ಕಲಕೋಟೆಗಳ ಮಾತಿಗಾಗಲಿ ಕಾಸರಗೋಡಿನ ಹವ್ಯಕ ಕನ್ನಡಕ್ಕಾಗಲಿ ಅದು ಕನ್ನಡಿಯಲ್ಲ. ಆದರೂ ತನ್ನ ಮನೆಮಾತು ಮನೆಯಾಚೆಗೂ ಇದೆ, ಅದರಲ್ಲಿ ಜಗಳ, ವ್ಯಾಪಾರ, ಕಾನೂನು ಎಲ್ಲವೂ ನಡೆಯುತ್ತದೆ ಎಂಬ ಅರಿವನ್ನು ಅದು ದಿನವೂ ಮೂಡಿಸುತ್ತದೆ. ಇದು ನೋಡಿ ಕಲಿತದ್ದಲ್ಲ, ಕಿವಿಗೆ ಬಿದ್ದು ಬಂದದ್ದು.

ಸಂಚಿಕೆಗಳು ದಾಖಲಾಗಿ ಭಾನುವಾರಕ್ಕೆ ಸರಿದಾಗ, ಅದರಲ್ಲೂ ಇಯರ್‌ಫೋನಿನೊಳಕ್ಕೆ ಸರಿದಾಗ, ನೋಡುವವರು ಏನನ್ನೂ ಕಳೆದುಕೊಳ್ಳುವುದಿಲ್ಲ; ಕಿವಿಗೆ ಬೀಳುತ್ತಿದ್ದವರು ಕಳೆದುಕೊಳ್ಳುತ್ತಾರೆ. ಪಂಚಾಂಗವೂ ಸಡಿಲಗೊಳ್ಳುತ್ತದೆ. 1956ರ ನವೆಂಬರ್ 1 ಎರಡು ರಾಜ್ಯಗಳ ಹುಟ್ಟಿದ ದಿನ. ಕಾಸರಗೋಡಿನ ಶಾಲೆಯಲ್ಲಿ ಅಂದು ಕೇರಳಪ್ಪಿರವಿ. ಕನ್ನಡ ವಾಹಿನಿಗಳಲ್ಲಿ ರಾಜ್ಯೋತ್ಸವ. ಅಂದಿನ ಸಂಜೆಯೇ ನೋಡಿದಾಗ ಎರಡೂ ಒಂದೇ ದಿನದೊಳಗೆ ಎದುರುಬದುರಾಗುತ್ತವೆ. ಕೆಲವು ದಿನ ಕಳೆದು ನೋಡಿದರೆ ರಾಜ್ಯೋತ್ಸವ ಮುಗಿದುಹೋದ ಒಂದು ಕಾರ್ಯಕ್ರಮ ಮಾತ್ರ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ದುಡಿಯುವವರಿಗೆ ದಾಖಲಿಸದೆ ಗತಿಯಿಲ್ಲ. ಅರ್ಥವಾಗದ ಪದ ಬಂದಾಗ ನಿಲ್ಲಿಸಿ, ಹಿಂದಕ್ಕೆ ಸರಿಸಿ ಕೇಳುವ ಅವಕಾಶ ನೇರ ಪ್ರಸಾರದಲ್ಲಿಲ್ಲ. ಮುಖ್ಯವಾಗಿ, ಒಂದೇ ಟಿವಿ ಇರುವ ದ್ವಿಭಾಷಿಕ ಮನೆಯಲ್ಲಿ ಸಂಜೆ ಏಳರಿಂದ ಹತ್ತರವರೆಗಿನ ಹೊತ್ತಿಗೆ ಎರಡು ಭಾಷೆಗಳ ನಡುವೆ ಪೈಪೋಟಿ ಇರುತ್ತದೆ. ದಾಖಲಾತಿ ಆ ಜಗಳವನ್ನು ಬಗೆಹರಿಸುತ್ತದೆ. ಆದರೆ ಯಾವ ಭಾಷೆಯ ಧಾರಾವಾಹಿ ನೇರವಾಗಿ ನಡೆಯುತ್ತದೆ, ಯಾವುದು ‘ಆಮೇಲೆ ನೋಡಿದರಾಯಿತು’ ಎಂದು ದಾಖಲಾಗುತ್ತದೆ ಎಂಬುದು ಆ ಮನೆಯ ಭಾಷಿಕ ಶ್ರೇಣಿಯನ್ನು ಹೇಳುತ್ತದೆ. ದಾಖಲಾದ ಭಾಷೆ ಉಳಿದುಕೊಂಡ ಭಾಷೆಯೂ ಹೌದು, ತನ್ನ ಹೊತ್ತನ್ನು ಬಿಟ್ಟುಕೊಟ್ಟ ಭಾಷೆಯೂ ಹೌದು.

ವಿಮರ್ಶೆ ಆದ್ದರಿಂದ ಧಾರಾವಾಹಿಯನ್ನು ಎರಡು ಸಲ ಓದಬೇಕಾಗುತ್ತದೆ: ಒಟ್ಟಾಗಿ ಇಟ್ಟು ಒಮ್ಮೆ, ಬಿಡಿಸಿ ದಿನಗಳ ಮೇಲೆ ಹರಡಿ ಇನ್ನೊಮ್ಮೆ. ಭಾಷಾ ಸಮೀಕ್ಷೆಗೂ ಇದು ಅನ್ವಯಿಸುತ್ತದೆ. ‘ಮನೆಯಲ್ಲಿ ಕನ್ನಡ ವಾಹಿನಿ ನೋಡುತ್ತೀರಾ, ವಾರಕ್ಕೆ ಎಷ್ಟು ಗಂಟೆ’ ಎಂದಷ್ಟೇ ಕೇಳಿದರೆ, ಆರು ಸಂಜೆಗಳ ಅರ್ಧರ್ಧ ಗಂಟೆಯೂ ಭಾನುವಾರದ ಮೂರು ಗಂಟೆಯೂ ಒಂದೇ ಅಂಕಿಯಾಗಿ ದಾಖಲಾಗುತ್ತವೆ. ಮೊದಲನೆಯದು ಮನೆಯೆಲ್ಲ ಕೇಳಿದ ಕನ್ನಡವಾಗಿರಬಹುದು, ಎರಡನೆಯದು ಒಬ್ಬರ ಕಿವಿಯೊಳಗಿನ ಕನ್ನಡ. ಯಾವಾಗ, ಯಾರ ಜೊತೆ, ಎಷ್ಟು ಜನರ ಕಿವಿಗೆ ಬೀಳುವಂತೆ ಎಂಬ ಮೂರು ಪ್ರಶ್ನೆಗಳು ಸೇರದ ಹೊರತು, ಕನ್ನಡ ಕೇಳುವವರು ಕಡಿಮೆಯಾಗುತ್ತ ಹೋದರೂ ನೋಡಿದ ಗಂಟೆಗಳ ಲೆಕ್ಕ ಎಲ್ಲವೂ ಕ್ಷೇಮವೆಂದೇ ವರದಿ ಮಾಡುತ್ತಿರುತ್ತದೆ.