ಗೋಲಿಲ್ಲದ ಆಟದ ಸೊಗಸು

ಗೋಲು ಬೀಳದ ಕಾಲ್ಚೆಂಡಿನ ಪಂದ್ಯವನ್ನು ನೀರಸವೆಂದು ತಳ್ಳಿಬಿಡುವ ರಸಿಕರು ನಮ್ಮಲ್ಲಿ ವಿರಳರಲ್ಲ. ಅಂಥವರು 2023ರ ಆಗಸ್ಟ್ 2ರಂದು, ಮಹಿಳಾ ವಿಶ್ವಕಪ್ಪಿನಲ್ಲಿ, ಜಮೈಕಾದ ವನಿತೆಯರು ಮೆಲ್ಬರ್ನ್ ನಗರದಲ್ಲಿ ಬ್ರೆಜಿಲ್ ತಂಡವನ್ನು ಸೊನ್ನೆಯಲ್ಲಿಯೇ ತಡೆದು ನಿಲ್ಲಿಸಿದ ಪರಿಯನ್ನು ಕಂಡಿದ್ದರೆ ತಮ್ಮ ಅಭಿಪ್ರಾಯವನ್ನು ಪುನರ್ವಿಮರ್ಶಿಸದೆ ಇರಲಾರರೆಂದು ನನ್ನ ನಂಬುಗೆ. ಮುಂದಿನ ಸುತ್ತಿಗೇರಲು ಬ್ರೆಜಿಲಿಗೆ ಜಯವೇ ಬೇಕಾಗಿದ್ದಿತು, ಜಮೈಕಾಕ್ಕೆ ಸಮಬಲ ಸಾಕಾಗಿದ್ದಿತು. ಅತ್ತ ತನ್ನ ಆರನೆಯ ವಿಶ್ವಕಪ್ಪನ್ನು ಆಡುತ್ತಿದ್ದ ಮಾರ್ತಾ. ಇತ್ತ ಗೋಲುರಕ್ಷಕಿ ರೆಬೆಕಾ ಸ್ಪೆನ್ಸರಳ ಮುಂದೆ ಆಲಿಸನ್, ಶಾಂಟೆಲ್ ಎಂಬ ಸ್ವಾಬಿ ಸೋದರಿಯರು. ಭಯಗೊಂಡು ಗೋಲಿನೆದುರು ಗುಂಪುಗೂಡುವುದು ಬೇರೆ, ಎದುರಾಳಿ ಯಾವ ಎಡೆಯನ್ನು ಬಯಸುವಳೆಂಬುದನ್ನು ಮುಂಚಿತವಾಗಿಯೇ ಊಹಿಸಿ ಆ ಎಡೆಯನ್ನು ಮುಚ್ಚುವುದು ಬೇರೆ. ಎರಡನೆಯದು ಬುದ್ಧಿಯ ವ್ಯವಹಾರ. ಬ್ರೆಜಿಲ್ ಗುಂಪಿನ ಹಂತದಲ್ಲಿಯೇ ನಿರ್ಗಮಿಸಿತು. 1995ರಿಂದೀಚೆಗೆ ಅದಕ್ಕೆ ಹಾಗಾಗಿರಲಿಲ್ಲ.

ಆ ಪಂದ್ಯಕ್ಕೆ ನಾಲ್ಕೇ ವರ್ಷಗಳ ಹಿಂದೆ, ಕೆರಿಬಿಯನ್ ದ್ವೀಪಗಳಿಂದ ಮಹಿಳಾ ವಿಶ್ವಕಪ್ಪಿಗೆ ಹೋದ ಮೊತ್ತಮೊದಲ ತಂಡವೆಂಬ ಕೀರ್ತಿಯೊಡನೆ ಫ್ರಾನ್ಸಿಗೆ ಬಂದಿದ್ದ ಇದೇ ಜಮೈಕಾ, ಬ್ರೆಜಿಲಿನಿಂದ ಮೂರು, ಇಟಲಿಯಿಂದ ಐದು, ಆಸ್ಟ್ರೇಲಿಯಾದಿಂದ ನಾಲ್ಕು ಗೋಲುಗಳನ್ನು ಉಂಡು, ಹವಾನಾ ಸೊಲಾನ್ ಹೊಡೆದ ಒಂದು ಗೋಲಿನ ಸಮಾಧಾನದೊಡನೆ ಮರಳಿದ್ದಿತು. ಅದಕ್ಕೂ ಹಿಂದೆ, ಹಣವಿಲ್ಲವೆಂದು ಮುಚ್ಚಿಹೋಗಿದ್ದ ತಂಡವನ್ನು 2014ರಲ್ಲಿ ಕೈಹಿಡಿದೆತ್ತಿದವಳು ಗಾಯಕ ಬಾಬ್ ಮಾರ್ಲೆಯ ಮಗಳು ಸೆಡೆಲಾ. 2023ರಲ್ಲಿಯೂ ಸಿದ್ಧತೆಯ ವೆಚ್ಚಕ್ಕಾಗಿ ಆಟಗಾರ್ತಿಯೊಬ್ಬಳ ತಾಯಿ ಸಾರ್ವಜನಿಕರೆದುರು ಕೈಚಾಚಬೇಕಾಯಿತೆಂಬುದು ಆ ನಾಡಿನ ಕ್ರೀಡಾಡಳಿತಕ್ಕೆ ಭೂಷಣವಲ್ಲ.

2023ರಲ್ಲಿ ಲಾರ್ನ್ ಡೊನಾಲ್ಡ್‌ಸನ್ನನ ತರಬೇತಿಯಲ್ಲಿದ್ದ ಈ ತಂಡದ ಪ್ರಖ್ಯಾತೆ, ಸ್ಪ್ಯಾನಿಷ್ ಟೌನಿನ ಖದೀಜಾ ಶಾ. ಸಿಡ್ನಿಯಲ್ಲಿ ಫ್ರಾನ್ಸಿನೊಡನೆ ಗೋಲಿಲ್ಲದೆ ಸಮಬಲವಾದ ಮೊದಲ ಪಂದ್ಯದ ಕೊನೆಗಳಿಗೆಯಲ್ಲಿ ಅವಳಿಗೆ ಕೆಂಪು ಚೀಟಿ ದೊರೆಯಿತು. ಅವಳಿಲ್ಲದೆಯೇ ಪರ್ತ್‌ನಲ್ಲಿ ಪನಾಮಾವನ್ನು ಮಣಿಸಿದ ಗೋಲು, ರಕ್ಷಣೆಯ ಸಾಲಿನಿಂದ ಮುನ್ನುಗ್ಗಿದ ಆಲಿಸನ್ ಸ್ವಾಬಿಯ ತಲೆಯೇಟಿನದು. ರಕ್ಷಣೆಯ ಆಟಗಾರ್ತಿಯೇ ಗೋಲನ್ನೂ ಹೊಡೆಯಬೇಕಾದ ತಂಡದಲ್ಲಿ ಆಕ್ರಮಣದ ಬಡತನವಿದ್ದಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದಿನ ಸುತ್ತಿನಲ್ಲಿ, ಮೆಲ್ಬರ್ನ್‌ನಲ್ಲಿಯೇ, ಕೊಲಂಬಿಯಾದ ಕತಲಿನಾ ಉಸ್ಮೆ ಒಮ್ಮೆ ಆ ಕೋಟೆಯನ್ನು ಭೇದಿಸಿದೊಡನೆ ಜಮೈಕಾದ ಯಾತ್ರೆ ಮುಗಿಯಿತು: ನಾಲ್ಕು ಪಂದ್ಯಗಳಲ್ಲಿ ಹೊಡೆದದ್ದು ಒಂದು, ಬಿಟ್ಟುಕೊಟ್ಟದ್ದೂ ಒಂದು.

ಬ್ರೆಜಿಲಿನೆದುರಿನ ಪಂದ್ಯದ ಚಿತ್ರಮುದ್ರಿಕೆ ದೊರೆತಲ್ಲಿ, ವಾಚಕ ಮಹಾಶಯರು ಚೆಂಡಿನ ಬೆನ್ನುಹತ್ತದೆ ಒಂದರ್ಧ ಗಂಟೆ ಸ್ವಾಬಿ ಸೋದರಿಯರನ್ನು ಮಾತ್ರ ನೋಡಬೇಕೆಂದು ವಿನಂತಿ.