ಟ್ವೆಂಟಿ–ಥರ್ಟಿಯಲ್ಲಿ ಆಕಾಶಕ್ಕೊಂದು ಪಾಲು

ಬೆಂಗಳೂರಿನಲ್ಲಿ ಟ್ವೆಂಟಿ–ಥರ್ಟಿ ಸೈಟೆಂದರೆ 600 ಚದರ ಅಡಿ. ಜಪಾನಿನ ಒಸಾಕಾ ನಗರದ ಸುಮಿಯೋಶಿಯಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ 1976ರಲ್ಲಿ ಕಟ್ಟಿದ ಮನೆಯ ಜಾಗವೂ ಹೆಚ್ಚುಕಡಿಮೆ ಅಷ್ಟೇ: ಸುಮಾರು 57 ಚದರ ಮೀಟರು. ಇಕ್ಕಟ್ಟಿನಲ್ಲಿ ಮನೆ ಕಟ್ಟುವವರು ಆ ನಕ್ಷೆಯನ್ನು ಒಮ್ಮೆಯಾದರೂ ಬಿಡಿಸಿ ನೋಡಬೇಕು.

ಮೂರು ಹಳೆಯ ಮರದ ಸಾಲುಮನೆಗಳಲ್ಲಿ ನಡುವಿನದನ್ನು ತೆಗೆದು, ಆ ಸಂದಿಗೆ ಆಂಡೊ ಎರಡಂತಸ್ತಿನ ಕಾಂಕ್ರೀಟು ಮನೆಯನ್ನು ಕೂರಿಸಿದರು. ಬೀದಿಯ ಕಡೆ ಬಾಗಿಲಿನ ತೆರವು ಬಿಟ್ಟರೆ ಒಂದು ಕಿಟಕಿಯೂ ಇಲ್ಲ. ಮನೆಯ ಉದ್ದವನ್ನು ಮೂರು ಸಮಪಾಲು ಮಾಡಿ, ನಡುವಿನ ಪಾಲನ್ನು ಪೂರ್ತಿ ಆಕಾಶಕ್ಕೆ ಬಿಟ್ಟರು. ಬೆಳಕು, ಗಾಳಿ ಎಲ್ಲ ಅಲ್ಲಿಂದಲೇ. ಮುಂದೆ ಹಜಾರ, ಹಿಂದೆ ಅಡುಗೆಮನೆ. ಮೇಲೆ ಎರಡು ಕೋಣೆ, ನಡುವೆ ಸೇತುವೆ. ಮಳೆ ಬಂದರೆ ಊಟಕ್ಕೆ ಹೋಗಲೂ ಕೊಡೆ ಬೇಕು! ಆಕ್ಷೇಪಗಳು ಬಂದವು. ಆದರೂ 1979ರಲ್ಲಿ ಜಪಾನಿನ ವಾಸ್ತುಶಿಲ್ಪ ಸಂಸ್ಥೆಯ ಪ್ರಶಸ್ತಿ ಬಂದದ್ದು ಇದಕ್ಕೇ.

ಇದಕ್ಕೂ ಹತ್ತು ವರ್ಷ ಮೊದಲು, 1966ರಲ್ಲಿ, ವಾಸ್ತುಶಿಲ್ಪಿ ತಕಮಿತ್ಸು ಅಜುಮಾ ಟೋಕಿಯೋ ನಗರದ ನಡುವೆ ಕೇವಲ 20 ಚದರ ಮೀಟರಿನಷ್ಟು ತುಂಡು ನೆಲದಲ್ಲಿ ತಮ್ಮ ಸಂಸಾರಕ್ಕೆ ಗೋಪುರದಂಥ ಮನೆ ಕಟ್ಟಿಕೊಂಡಿದ್ದರು. ಅಂತಸ್ತಿಗೊಂದು ಕೋಣೆ, ಒಳಗೆಲ್ಲೂ ಬಾಗಿಲಿಲ್ಲ, ಶೌಚಾಲಯಕ್ಕೂ ಇಲ್ಲ. ಅಷ್ಟು ಧೈರ್ಯ ಎಲ್ಲರಿಗೂ ಬೇಕಾಗಿಲ್ಲ.

ಆದರೆ ನಡುವನ್ನು ಆಕಾಶಕ್ಕೆ ಬಿಡುವ ಆಂಡೊ ಅವರ ಪಾಠ ನಮಗೆ ಹೊಸದೇನಲ್ಲ. ತೊಟ್ಟಿಮನೆ ಕಟ್ಟಿದ ನಾಡು ಇದು. ಆದರೂ ಇಂದಿನ ಟ್ವೆಂಟಿ–ಥರ್ಟಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿ, ಇಂಚೂ ಬಿಡದೆ ಕೋಣೆ ತುಂಬುತ್ತಾರೆ. ಪಕ್ಕದ ಕಿಟಕಿ ತೆರೆದರೆ ನೆರೆಮನೆಯ ಗೋಡೆ, ನಡುಮನೆಯಲ್ಲಿ ಹಗಲಿಗೇ ಟ್ಯೂಬ್‌ಲೈಟು. ತುಂಬಿದಷ್ಟೂ ಮನೆ ಕಿರಿದಾಗುತ್ತದೆ ಎನ್ನುವುದನ್ನು ಅಂಥ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರನೇ ಒಂದು ಪಾಲು ಬಿಡುವುದು ಇಲ್ಲಿ ದುಬಾರಿ, ಸರಿ. ಐದಡಿ ಅಗಲ, ಎಂಟಡಿ ಉದ್ದ ಸಾಕು: 40 ಚದರ ಅಡಿ. ಅದನ್ನು ಮೆಟ್ಟಿಲಿಗೆ ಅಂಟಿಸಿ, ಮೆಟ್ಟಿಲ ನಡುವಿನ ಅಡ್ಡಹಲಗೆ ತೆಗೆದರೆ ಬೆಳಕು ನೆಲಮಹಡಿಗೂ ಇಳಿಯುತ್ತದೆ. ಮೇಲೆ ಗಾಜು ಹೊದಿಸಿ, ಅದರ ಕೆಳಗೆ ಸುತ್ತ ಜಾಲರಿಯ ಕಿಂಡಿ ಇಟ್ಟರೆ ಮಳೆ ನೇರವಾಗಿ ಒಳಬರುವುದಿಲ್ಲ. ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ತಂಪುಗಾಳಿ ಕೆಳಗಿನಿಂದ ಬರುತ್ತದೆ. ಗಾಜು ಮುಚ್ಚಿ ಕಿಂಡಿ ಮರೆತರೆ ಮಾತ್ರ ಬೇಸಿಗೆಯಲ್ಲಿ ಮಹಡಿ ಬೇಯುತ್ತದೆ.

ಮನೆ ಕಟ್ಟಿಸಲು ಹೊರಟವರು ಎಂಜಿನಿಯರರ ಎದುರು ಕೂತಾಗ ಬೆಡ್‌ರೂಮು ಎಷ್ಟೆಂದು ಹೇಳುವ ಮೊದಲು ಈ ನಲವತ್ತು ಚದರ ಅಡಿಯನ್ನು ನಕ್ಷೆಯಲ್ಲಿ ಗುರುತು ಹಾಕಿಸಲಿ.