ಬವಳಿಗೆ ಕುತ್ತಿಗೆಯೇ ಕಾರಣವೆ?

ಹುಬ್ಬಳ್ಳಿ-ಧಾರವಾಡದ ಆಡುಮಾತಿನಲ್ಲಿ ‘ಬವಳಿ’, ‘ಜೋಲಿ’, ‘ಕಣ್ಣುಗತ್ತಲೆ’ ಎಂಬ ಪದಗಳಿವೆ. ಕೋಣೆಯೇ ಸುತ್ತಿದಂತಾಗುವುದು, ನಡೆಯುವಾಗ ತೋಲ ತಪ್ಪುವುದು, ಎದ್ದು ನಿಂತೊಡನೆ ಕಣ್ಣು ಮಂಜಾಗುವುದು ಬೇರೆ ಬೇರೆ ಅನುಭವಗಳು. ಆದರೆ ರೋಗಿ ‘ಕುತ್ತಿಗೆಯೂ ನೋಯುತ್ತದೆ’ ಎಂದೊಡನೆ ಇವೆಲ್ಲ ಒಂದೇ ಚೀಟಿಯಲ್ಲಿ ಸೇರಿಬಿಡುವುದುಂಟು: ಎಕ್ಸ್-ಕಿರಣ ಚಿತ್ರ, ‘ಸರ್ವೈಕಲ್ ಸ್ಪಾಂಡಿಲೋಸಿಸ್’, ಕೊರಳಪಟ್ಟಿ, ಮಾತ್ರೆ. ಈ ತರ್ಕವನ್ನು ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಪರೀಕ್ಷಿಸಿ ನೋಡಬೇಕು.

ಐವತ್ತು ದಾಟಿದವರಲ್ಲಿ ನೋವಾಗಲಿ ತಲೆಸುತ್ತಾಗಲಿ ಇಲ್ಲದಿದ್ದರೂ ಕುತ್ತಿಗೆಯ ಕಶೇರುಗಳ ಸವೆತ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಆರೋಗ್ಯವಂತರಲ್ಲೂ ಇರುವ ಚಿಹ್ನೆಯೊಂದು ರೋಗದ ಕಾರಣವನ್ನು ಹೇಗೆ ತೋರಿಸೀತು?

ಹಾಗೆಂದು ಕುತ್ತಿಗೆ ನಿರಪರಾಧಿ ಎಂದಲ್ಲ. ಅದರ ಮೇಲ್ಭಾಗದ ಸ್ನಾಯು-ಕೀಲುಗಳಲ್ಲಿ ದಟ್ಟವಾಗಿರುವ ಸಂವೇದಕಗಳು, ಮುಂಡದ ಮೇಲೆ ತಲೆ ಎತ್ತ ತಿರುಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಕಣ್ಣು ಮತ್ತು ಒಳಕಿವಿಯ ಸುದ್ದಿಯೊಡನೆ ಅದು ತಾಳೆಯಾಗದಿದ್ದರೆ ಅಸ್ಥಿರತೆ ಉಂಟಾಗಬಹುದು. 1955ರಲ್ಲಿ ರಯಾನ್ ಮತ್ತು ಕೋಪ್ ಕುತ್ತಿಗೆಯಿಂದ ಬರುವ ತಲೆಸುತ್ತನ್ನು ವರ್ಣಿಸಿದರು. 1977ರಲ್ಲಿ ಡಿ ಯಾಂಗ್ ಮತ್ತು ಸಂಗಡಿಗರು ಕುತ್ತಿಗೆಗೆ ಅರಿವಳಿಕೆ ಚುಚ್ಚಿದಾಗ ತೋಲ ತಪ್ಪುವುದನ್ನು ತೋರಿಸಿದರು.

ಪತ್ತೆ ಹಚ್ಚುವುದೇ ಕಷ್ಟ. ರೋಗಿಯನ್ನು ತಿರುಗು ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಕದಲದಂತೆ ಹಿಡಿದು, ಮುಂಡವನ್ನು ಮಾತ್ರ ತಿರುಗಿಸುವ ಪರೀಕ್ಷೆಯೊಂದಿದೆ. ತಲೆಗೆ ಕೋನೀಯ ವೇಗೋತ್ಕರ್ಷವಿಲ್ಲವಾದ್ದರಿಂದ ಒಳಕಿವಿಯ ಅರ್ಧವೃತ್ತ ನಾಳಗಳ ದ್ರವ ಕದಲದು. ತಲೆ ಸುತ್ತಿದರೆ ಅದು ಕುತ್ತಿಗೆಯದೇ ಆಗಿರಬೇಕು. ಭೌತವಿಜ್ಞಾನಿಗೆ ಬಲು ಮೆಚ್ಚುಗೆಯಾಗುವ ಪ್ರಯೋಗ! (ತರಗತಿಯಲ್ಲಿ ಮಾಡಲು ಹೋಗಬೇಡಿ.) ಆದರೆ ಹೀಗೆ ಹೊರಳಿಸಿದಾಗ ಆರೋಗ್ಯವಂತರಲ್ಲೂ ಕಣ್ಣುಗುಡ್ಡೆ ಅದುರುವುದುಂಟು. ಖಚಿತ ಪರೀಕ್ಷೆ ಇನ್ನೂ ಇಲ್ಲ; ಇತರ ಕಾರಣಗಳನ್ನು ತಳ್ಳಿಹಾಕಿದ ಬಳಿಕವೇ ಕುತ್ತಿಗೆಯ ಸರದಿ.

ಆ ಇತರ ಕಾರಣಗಳಲ್ಲಿ ಮುಖ್ಯವಾದುದು ಒಳಕಿವಿಯ ಹರಳುಗಳು. ಕ್ಯಾಲ್ಸಿಯಂ ಕಾರ್ಬೊನೇಟಿನ ಈ ಸೂಕ್ಷ್ಮ ಕಣಗಳ ಸಾಂದ್ರತೆ, ಸುತ್ತಲಿನ ನೀರಿನಂಥ ದ್ರವದ ಸುಮಾರು 2.7 ಪಟ್ಟು. ನೆಲೆ ತಪ್ಪಿ ನಾಳ ಸೇರಿದರೆ, ತಲೆಯ ಭಂಗಿ ಬದಲಾದಾಗ ಗುರುತ್ವದಿಂದ ಜಾರಿ ದ್ರವವನ್ನು ತಳ್ಳುತ್ತವೆ. ಮಗ್ಗುಲು ಬದಲಿಸಿದಾಗ, ಅಟ್ಟದತ್ತ ನೋಡಿದಾಗ ಕೋಣೆ ಸುತ್ತಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಮೇಲೆ ನೋಡಲು ಕುತ್ತಿಗೆ ಎತ್ತಬೇಕಲ್ಲ, ಆರೋಪ ಅದರ ಮೇಲೆ! ಇದನ್ನು ಪತ್ತೆ ಹಚ್ಚುವ ಡಿಕ್ಸ್-ಹಾಲ್ಪೈಕ್ ಪರೀಕ್ಷೆ 1952ರದು. ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳುಗಳನ್ನು ನಾಳದಿಂದ ಹೊರಗೆ ಸಾಗಿಸುವ ಎಪ್ಲಿ ವಿಧಾನ ಪ್ರಕಟವಾದುದು 1992ರಲ್ಲಿ. ಎರಡಕ್ಕೂ ಮಂಚ ಮತ್ತು ತಿಳಿದ ವೈದ್ಯರು ಸಾಕು. ಕುತ್ತಿಗೆ ನೋವಿದ್ದವರಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವೂ ಕಿವಿ ವಿಭಾಗವೂ ಇರುತ್ತವೆ. ರೋಗಿ ಮೊದಲು ಯಾವ ಬಾಗಿಲು ತಟ್ಟಿದನೆಂಬುದರ ಮೇಲೆ ರೋಗದ ಹೆಸರು ನಿಲ್ಲಬಾರದು.

ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಹಿಂದೆಂದೂ ಇಲ್ಲದ ತೀವ್ರ ಕುತ್ತಿಗೆ ನೋವು ಹಠಾತ್ತನೆ ಬಂದರೆ ಈ ಚರ್ಚೆಯೇ ಬೇಡ. ತಕ್ಷಣ ಆಸ್ಪತ್ರೆಗೆ ಹೋಗಿ.

ಕುತ್ತಿಗೆಯೇ ಕಾರಣವೆಂದು ಉಳಿದವರಿಗೆ ವ್ಯಾಯಾಮ ಮತ್ತು ಕೈಚಿಕಿತ್ಸೆ ಇವೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗದಲ್ಲಿ, 86 ಜನರ ಪೈಕಿ ಕೀಲುಗಳಿಗೆ ಕೈಚಿಕಿತ್ಸೆ ಪಡೆದವರ ತಲೆಸುತ್ತು, ಕೆಲಸ ಮಾಡದ ಲೇಸರ್ ಹಿಡಿಸಿಕೊಂಡವರಿಗಿಂತ ಹೆಚ್ಚು ತಗ್ಗಿತು. ಯಾವುದನ್ನು ಕೊಡುತ್ತಿದ್ದೇನೆಂದು ಚಿಕಿತ್ಸಕರಿಗೆ ಗೊತ್ತಿರುವುದು ಇಂಥ ಪ್ರಯೋಗಗಳ ಮಿತಿ; ಆದರೂ ಎಕ್ಸ್-ಕಿರಣ ಚಿತ್ರಕ್ಕಿಂತ ಇದು ಗಟ್ಟಿ ಆಧಾರ. ಇನ್ನು ತಲೆಸುತ್ತು ಅಡಗಿಸುವ ಸಿನ್ನರಿಜೀನ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ, ಮಿದುಳು ತಾನೇ ಸರಿಹೊಂದಿಸಿಕೊಳ್ಳುವುದು ನಿಧಾನವಾಗುತ್ತದೆ. ವಯಸ್ಸಾದವರಲ್ಲಿ ಕೈನಡುಕವೂ ಬರಬಹುದು. ಹಳೆಯ ಚೀಟಿ ತೋರಿಸಿ ಔಷಧದ ಅಂಗಡಿಯಲ್ಲಿ ಅದನ್ನೇ ಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ, ಆ ಚೀಟಿಯ ತಾರೀಖನ್ನು ಒಮ್ಮೆ ನೋಡಿ.